ಟವೆಲ್ಲಿನ ಕೆಳಗಿನ ಬೆಲೆ

ಟೇಕಲ್‌ನ ಅಂಗನವಾಡಿಯಲ್ಲಿ ಮಕ್ಕಳು ಅಂಗಡಿ ಆಟ ಆಡುತ್ತಿದ್ದರು. ಮೌನಿಕಾ ನಿಂತಲ್ಲಿ ನಿಲ್ಲಲಾಗದೆ ಬಾಗಿಲಲ್ಲೇ ಆಚೀಚೆ ಸುಳಿಯುತ್ತಿದ್ದಳು. ಮನೆಯಲ್ಲಿ ಬಾಯಿಗೆ ಬಿಡುವೇ ಕೊಡದ ಅವಳ ನಾಲ್ಕು ವರ್ಷದ ಮಗಳು ಮೇಘನ, ಇಲ್ಲಿಗೆ ಸೇರಿದ ಮೇಲೆ ಒಂದು ಮಾತೂ ಆಡಿರಲಿಲ್ಲ.

ಉಳಿದವರು "ಬನ್ನಿ ಬನ್ನಿ, ಟಮೋಟ!" ಎಂದು ಕೂಗುತ್ತಿದ್ದರು. ಮೇಘನ ಮಾತ್ರ ಮಣ್ಣಿನ ಹಸುವನ್ನು ಮುಂದಿಟ್ಟುಕೊಂಡು, ಚಾಚಿದ ಕೈಯ ಮೇಲೆ ಟವೆಲ್ ಹೊದಿಸಿಕೊಂಡು ಸುಮ್ಮನೆ ಕೂತಿದ್ದಳು.

"ಮೂಗಿ ಅಂಗಡಿ ಕಣ್ರೋ!" ಎಂದು ನಕ್ಕ, ಟಮೋಟ ಮಾರುತ್ತಿದ್ದ ಉಮೇಶ.

"ನೋಡಮ್ಮ, ಆಟದಲ್ಲೂ ಬಾಯಿ ಬಿಡಲ್ಲ," ಎಂದರು ಟೀಚರ್ ರಜನಿ.

ಮೌನಿಕಾಳಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಮಗಳ ಮುಂದೆ ಕೂತಳು. ಮೇಘನಳ ತಾತ ಮುನಿಶಾಮಿ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನ ಕೆಳಗೆ ಕೊಳ್ಳುವವನ ಬೆರಳು ಹಿಡಿದು ಹೇಳುತ್ತಾರೆ. ಮೊಮ್ಮಗಳು ಅದನ್ನೆಲ್ಲ ಅವರ ಹೆಗಲ ಮೇಲಿಂದ ನೋಡಿದ್ದಳು. ಸಂತೆಗೇ ಹೋಗದ ಮೌನಿಕಾಳಿಗೆ ಆ ಬೆರಳುಗಳ ಲೆಕ್ಕ ತಿಳಿಯದು. ಆದರೂ ಕೈ ತೂರಿಸಿ, ಸಿಕ್ಕಿದ ಕಿರುಬೆರಳೊಂದನ್ನು ಹಿಡಿದಳು.

ಮೇಘನ ಹುಬ್ಬು ಗಂಟಿಕ್ಕಿ ಅಮ್ಮನ ನಾಲ್ಕು ಬೆರಳುಗಳನ್ನು ಒಟ್ಟಿಗೆ ಹಿಚುಕಿದಳು. ಮೌನಿಕಾ ಮತ್ತೆ ಕಿರುಬೆರಳನ್ನೇ ಹಿಡಿದಳು.

"ಹಾಲು ಕೊಡೋ ಹಸು ಕಣಮ್ಮಾ ಇದು!" ಮೇಘನ ಕಿರುಚಿದಳು. "ಒಂದ್ ಬೆರಳಿಗೆ ಯಾರ್ ಕೊಡ್ತಾರೆ? ಲೇ ಉಮೇಶ, ನೀನ್ ಬಾರೋ!"

ಉಮೇಶ ಟಮೋಟ ಬಿಟ್ಟು ಓಡಿ ಬಂದ. ಮೌನಿಕಾ ಮಾತ್ರ ಹಿಡಿದ ಬೆರಳನ್ನು ಬಿಡಲಿಲ್ಲ.

"ಬಿಡಮ್ಮಾ," ಎಂದಳು ಮಗಳು, "ವ್ಯಾಪಾರ ಕೆಟ್ಟೋಗುತ್ತೆ."