ಒಂದು ಮನೆ, ಎರಡು ಒಲೆ

ನನ್ನ ಗಂಡನಿಗೆ ನಮ್ಮ ಬೀದಿಯಲ್ಲಿ ಹುಲಿ ಎಂದೇ ಹೆಸರು. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್ ಅವರು. ಪ್ರತಿ ಮನೆಯೂ ಆರೋಗ್ಯ ವಿಮೆ ಕೊಳ್ಳಲೇಬೇಕು, ಇಲ್ಲದಿದ್ದರೆ ದಂಡ ಎಂದು ಸರ್ಕಾರ ಕಾನೂನು ತಂದ ದಿನದಿಂದ ಅವರ ಕೈಗೂ ಬಾಯಿಗೂ ಬಿಡುವಿಲ್ಲ. ಸಿಕ್ಕ ಗೋಡೆಯ ಮೇಲೆಲ್ಲ ಕೆಂಪು ಬಣ್ಣದಲ್ಲಿ ‘ನನ್ನ ಮೈಗೆ ನಾನೇ ಯಜಮಾನ’ ಎಂದು ಬರೆದರು.

"ಬಲವಂತದ ಮಾಘಸ್ನಾನ ಮಾಡ್ಸೋಕೆ ಇವರ್ಯಾರು? ಇವತ್ತು ಇನ್ಶೂರೆನ್ಸ್ ತಗೋ ಅಂತಾರೆ, ನಾಳೆ ಇಷ್ಟೇ ಉಣ್ಣು, ಇಷ್ಟೇ ಮಲಗು ಅಂತಾರೆ. ದುಡ್ಡು ನಮ್ದು, ಜೇಬು ಕಂಪನಿಯವರದು!"

ಮಾತಿನಲ್ಲಿ ಸುಳ್ಳಿಲ್ಲ. ಮದುವೆಯಾದಂದಿನಿಂದ ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಅವರ ಜೊತೆ ಬಾಳುವ ಕಷ್ಟವೇ ಅದು. ಆದರೆ ನನ್ನ ಕಣ್ಣಲ್ಲಿ ಪೊರೆ ಬೆಳೆಯುತ್ತಿತ್ತು.

ನಾನು ರಫೂ ಮಾಡುವವಳು. ಕಿಡಿ ತಾಗಿದ ಕೋಟು, ಮೊಳೆಗೆ ಸಿಕ್ಕಿ ಹರಿದ ಶಾಲು ಬರುತ್ತವೆ. ಆ ಬಟ್ಟೆಯ ಅಂಚಿನಿಂದಲೇ ಎಳೆ ತೆಗೆದು, ಹರಿದಲ್ಲಿ ಒಂದೊಂದಾಗಿ ನೇಯ್ದು ಕೂರಿಸಬೇಕು. ಎಲ್ಲಿ ಹರಿದಿತ್ತೆಂದು ಕೊಟ್ಟವರೇ ಹುಡುಕಬೇಕು, ಹಾಗೆ. ಆ ಚಳಿಗಾಲ ಒಬ್ಬ ವಕೀಲರ ಕೋಟಿಗೆ ಎಳೆ ತಪ್ಪಿಸಿ ನೇಯ್ದುಬಿಟ್ಟೆ. ಬೆನ್ನಿನ ಮೇಲೆ ಗಾಯಕ್ಕೆ ಹೊಲಿಗೆ ಹಾಕಿದಂತೆ ಕಾಣುತ್ತಿತ್ತು. ವಕೀಲರು ಬಯ್ಯಲಿಲ್ಲ. "ನಿಮಗೂ ವಯಸ್ಸಾಯ್ತಲ್ಲಮ್ಮ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

"ಆಪರೇಷನ್ ಮಾಡಿದ್ರೆ ಸರಿಹೋಗುತ್ತೆ, ತಡ ಮಾಡಿದ್ರೆ ಕಷ್ಟ. ಇನ್ಶೂರೆನ್ಸ್ ಮಾಡಿಸ್ಕೊಂಡು ಬನ್ನಿ, ದಿನ ಕೊಡ್ತೀನಿ" ಎಂದರು ಕಣ್ಣಾಸ್ಪತ್ರೆಯ ಡಾಕ್ಟರಮ್ಮ. ವಿಮೆ ಕಚೇರಿಗೆ ಹೋದರೆ ಅಲ್ಲಿ ಬೇರೆ ನ್ಯಾಯ. ಒಂದು ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಒಂದು ಮನೆಯಂತೆ. ಯಜಮಾನ ಸಹಿ ಹಾಕದಿದ್ದರೆ ಆ ಮನೆಯಲ್ಲಿ ಯಾರಿಗೂ ವಿಮೆ ಇಲ್ಲ. ಒಲೆ ಬೇರೆಯಿದ್ದರೆ ಮಾತ್ರ ಅವರವರ ಸಹಿ ಅವರವರದು.

ಮನೆಗೆ ಬಂದು ಸಹಿ ಕೇಳಿದೆ.

"ಊರಿಗೆಲ್ಲ ಬೇಡ ಅಂತ ಹೇಳಿ ನಾನೇ ಹಾಕ್ಲಾ? ಜನ ಮುಖಕ್ಕೆ ಉಗಿಯಲ್ವಾ? ಸ್ವಲ್ಪ ತಡಿ, ಕಾನೂನೇ ಬಿದ್ದು ಹೋಗುತ್ತೆ."

"ಅಷ್ಟರಲ್ಲಿ ನನ್ನ ಕಣ್ಣೇ ಹೋಗುತ್ತೆ."

"ಹಟ ಮಾಡ್ಬೇಡ. ಇದು ತತ್ವದ ಪ್ರಶ್ನೆ."

"ನಿಮ್ಮ ಮೈಗೆ ನೀವು ಯಜಮಾನ್ರು, ಸರಿ. ನನ್ನ ಮೈಗೆ ಯಾರು? ಗೋಡೆ ಮೇಲೆ ಅದನ್ನೂ ಬರೀರಿ."

ಅವರು ಕುಂಚ ತೊಳೆಯಲು ಎದ್ದು ಹೋದರು. ಮರುದಿನ ಬೆಳಿಗ್ಗೆ ಅಟ್ಟದಿಂದ ಹಳೆಯ ಸ್ಟೌ ಇಳಿಸಿ, ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿಟ್ಟು, ನನ್ನೊಬ್ಬಳಿಗೇ ಬೇಯಿಸಿಕೊಂಡೆ. "ಇವತ್ತಿಂದ ನನ್ನ ಒಲೆ ಬೇರೆ" ಎಂದೆ. ಅವರು ನಕ್ಕರು. ಮಧ್ಯಾಹ್ನ ಹಸಿವಾದಾಗ ನಗು ನಿಂತಿತು.

ಅಣ್ಣತಮ್ಮಂದಿರು ಪಾಲಾಗಿ ಒಲೆ ಬೇರೆ ಮಾಡುವುದುಂಟು. ಗಂಡಹೆಂಡಿರು ಒಂದೇ ಸೂರಿನಡಿ ಮಾಡಿದ್ದನ್ನು ಯಾರೂ ಕೇಳಿರಲಿಲ್ಲ. ನಾದಿನಿ ಓಡಿಬಂದಳು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ಅತ್ತಿಗೆ."

"ಉಣ್ಣೋದೇ ಬೇರೆ ಆಯ್ತಲ್ಲ, ಇನ್ನೆಲ್ಲಿ ಮುಗಿಯುತ್ತೆ?"

ನನ್ನ ದುಡಿಮೆಯಲ್ಲೇ ವಿಮೆ ಕಟ್ಟಿದೆ. ಸರ್ಕಾರ ಹೇಳಿತೆಂದು ಕೊಂಡವಳಲ್ಲ ನಾನು, ಬೇಡವೆಂದಿದ್ದರೂ ಕೊಳ್ಳುತ್ತಿದ್ದೆ. ಆಸ್ಪತ್ರೆಯವರು ದಿನವನ್ನೂ ಕೊಟ್ಟರು. ಅಷ್ಟರಲ್ಲಿ, ಒಲೆ ನಿಜವಾಗಿ ಬೇರೆಯೇ ಎಂದು ನೋಡಲು ಅಧಿಕಾರಿಯೊಬ್ಬರು ಬಂದರು. ಹುಲಿಯ ಗೆಳೆಯರೆಲ್ಲ ಬಾಗಿಲಲ್ಲಿ ಸೇರಿದರು.

ಅಧಿಕಾರಿ ನನ್ನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ನನ್ನ ಗಂಡನ ಪಾತ್ರೆಯದನ್ನೂ ತೆಗೆದರು. ತಳ ಸೀದ ವಾಸನೆ ಮನೆಯೆಲ್ಲ ಹರಡಿತು. "ಇದು ಹೆಂಡತಿ ಮಾಡಿದ್ದಲ್ಲ ಬಿಡಿ" ಎಂದು ನಕ್ಕು ಅವರತ್ತ ತಿರುಗಿದರು. "ಆದ್ರೂ ನಿಮ್ಮ ಬಾಯಲ್ಲೇ ಹೇಳ್ಬೇಕು. ಈ ಮನೇಲಿ ಒಲೆ ಒಂದಾ, ಎರಡಾ?"

ಒಂದು ಎಂದರೆ ನನ್ನ ವಿಮೆ ರದ್ದು, ಕಣ್ಣಿನ ಕಥೆ ಅಲ್ಲಿಗೆ ಮುಗಿಯಿತು. ಎರಡು ಎಂದರೆ, ಸರ್ಕಾರಕ್ಕೇ ಬಗ್ಗದ ಹುಲಿಗೆ ಹೆಂಡತಿ ಬಗ್ಗಲಿಲ್ಲ ಎಂದು ಬೀದಿಯೇ ನಗುತ್ತದೆ. ಅವರು ನನ್ನನ್ನೇ ನೋಡುತ್ತಿದ್ದಿರಬೇಕು.

"ನಿಮ್ಮ ಮುಖ ನನಗೆ ಕಾಣಿಸ್ತಾ ಇಲ್ಲ" ಎಂದೆ. "ಇಲ್ಲೇ ಎದುರಿಗಿದ್ದೀರಿ, ಬರೀ ಮಂಜು. ಅದನ್ನ ತಿಳ್ಕೊಂಡು ಉತ್ತರ ಕೊಡಿ."

ಅವರು ತಮ್ಮ ಪಾತ್ರೆಗೆ ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು.

"ಎರಡು" ಎಂದರು. "ಬರ್ಕೊಳ್ಳಿ."

"ಹಾಗಾದ್ರೆ ನಿಮ್ಮ ಒಲೆಗೆ ದಂಡ ಬೀಳುತ್ತೆ."

"ಬೀಳಲಿ. ಜೈಲಿಗೆ ಬೇಕಾದ್ರೂ ಹಾಕಿ, ನಾನು ಮಾತ್ರ ಕೊಳ್ಳಲ್ಲ."

ಆ ಮಾತಿಗೆ ನನಗೆ ಹೆಮ್ಮೆಯೇ ಆಯಿತು. ಅವರ ಹಟ ಅವರ ತಲೆಯ ಮೇಲೇ ಇರುವ ತನಕ ನನ್ನದೇನೂ ತಕರಾರಿಲ್ಲ.

ಬಾಗಿಲಲ್ಲಿ ಯಾರೋ "ಹುಲಿ ಇಲಿ ಆಯ್ತು" ಎಂದು ಕಿಸಕ್ಕನೆ ನಕ್ಕರು. ಜನ ಕರಗಿದ ಮೇಲೆ ಅವರು ತಟ್ಟೆ ಹಿಡಿದು ನನ್ನ ಮೂಲೆಗೆ ಬಂದರು.

"ಆಫೀಸರ್ ಹೋದ್ನಲ್ಲ, ನಾಟಕ ಮುಗೀತು. ಒಂದು ತುತ್ತು ಹಾಕು."

"ನಾಟಕ ಅಂತ ಯಾರು ಹೇಳಿದ್ದು? ಎರಡು ಅಂದ್ಮೇಲೆ ಎರಡೇ. ನಿಮ್ಮ ಮಾತು ಸುಳ್ಳಾಗೋದು ಬೇಡ."

ಅವರು ಹಿಂದಿರುಗಿ ಸೀದ ಪಾತ್ರೆ ಕೆರೆಯತೊಡಗಿದರು. ಎದ್ದು ಬಡಿಸಿಬಿಡೋಣ ಎನಿಸಿತು, ಇಲ್ಲವೆನ್ನಲಾರೆ. ಆದರೂ ಗೋಡೆಗೆ ಮುಖ ಮಾಡಿ ನನ್ನ ಊಟ ಮುಗಿಸಿದೆ.

ಆಪರೇಷನ್ ಆಯಿತು. ಪಟ್ಟಿ ಬಿಚ್ಚುವ ದಿನ ಅವರು ಹೇಳದೆ ಕೇಳದೆ ಆಸ್ಪತ್ರೆಗೆ ಬಂದು ಮಂಚದ ಪಕ್ಕ ನಿಂತಿದ್ದರು. ಡಾಕ್ಟರಮ್ಮ ಪಟ್ಟಿ ತೆಗೆದಾಗ ಮೊದಲು ಕಿಟಕಿಯ ಬೆಳಕು ಕಂಡಿತು, ಆಮೇಲೆ ಅವರ ಮುಖ. ಎದ್ದು ನಿಂತ ಕೆನ್ನೆಯ ಮೂಳೆ, ಗಡ್ಡಕ್ಕೆ ಅಂಟಿದ ಬಣ್ಣ, ಕತ್ತಿಗೆ ಸಡಿಲವಾದ ಕಾಲರು, ಎಲ್ಲ ಎಳೆ ಎಳೆಯಾಗಿ ಕಂಡಿತು.

"ಎಷ್ಟು ಸೊರಗಿದ್ದೀರಿ!" ಎಂದೆ.

"ಯಾರಿಂದ?"

ಕಣ್ಣು ತುಂಬಿ ಬಂತು. ಒರೆಸಿಕೊಳ್ಳಬಾರದೆಂದು ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು.

"ಅಡುಗೆ ಕಲೀರಿ" ಎಂದೆ.