ಬಾವನ ಬಲಗೈ

ಏಳು ಜನ ಜಪಾನಿ ಸಿಪಾಯಿಗಳು ಏದುಸಿರು ಬಿಡುತ್ತ ಗುಡ್ಡ ಹತ್ತುತ್ತಿದ್ದರು. ಪೊದೆಯ ಮರೆಯಲ್ಲಿ ಕಾವಲಿದ್ದ ದ್ವೀಪದವನೇ ಆದ ಹಿವಾ, ಮುಂದೆ ದಾರಿ ತೋರಿಸುತ್ತಿದ್ದವನ ಗುರುತು ಹಿಡಿದ. ಲಿಯಂಗಾ, ಸ್ವಂತ ಅಕ್ಕನ ಗಂಡ!

ಶಿಖರದ ಮೇಲೆ, ಹಿವಾನಂಥವರ ಕಾವಲಲ್ಲಿ, ಬಿಳಿ ದೊರೆಯೊಬ್ಬ ರೇಡಿಯೋ ಇಟ್ಟುಕೊಂಡು ಅಡಗಿದ್ದ. ಶತ್ರು ವಿಮಾನ ಹಾರಿದರೂ ಹಡಗು ಹೊರಟರೂ ಅಮೆರಿಕದ ಪಡೆಯಿದ್ದ ದ್ವೀಪ ಗ್ವಾಡಲ್‌ಕೆನಾಲ್‌ಗೆ ಸುದ್ದಿ ಹೋಗುತ್ತಿದ್ದುದು ಅಲ್ಲಿಂದಲೇ. ಹತ್ತಿ ಬಂದವರಲ್ಲಿ ಒಬ್ಬ ಸಿಪಾಯಿ ತಿರುಗಿ ಹೋದರೂ ಎಲ್ಲರ ಕಥೆ ಮುಗಿದ ಹಾಗೆ.

ತೊರೆ ದಾಟುವಲ್ಲಿ ಹಿವಾ ಮತ್ತು ಅವನ ನಾಲ್ವರು ಸಂಗಡಿಗರು ಮೇಲೆ ಬಿದ್ದರು. ಗುಂಡು ಹಾರಿಸುವ ಹಾಗಿಲ್ಲ, ಸದ್ದು ಕಡಲ ದಂಡೆಯ ಜಪಾನಿ ಶಿಬಿರಕ್ಕೆ ಕೇಳುತ್ತದೆ. ಬರೀ ಕೊಡಲಿ, ಮಚ್ಚು. ಮೊದಲನೆಯವನ ಕುತ್ತಿಗೆ ಅರ್ಧ ಹರಿಯಿತು. ಇನ್ನೊಬ್ಬನನ್ನು ಹಿವಾ ನೀರಲ್ಲೇ ಅದುಮಿ ಹಿಡಿದ, ಗುಳ್ಳೆ ನಿಲ್ಲುವ ತನಕ ಬಿಡಲಿಲ್ಲ. ಕೊನೆಯವನು ಓಟ ಕಿತ್ತ. ಅವನ ಕಾಲು ಹಿಡಿದು ಕೆಡವಿ, ಕಲ್ಲಿನಿಂದ ತಲೆ ಜಜ್ಜಿದವನು ಲಿಯಂಗಾನೇ.

“ಥೂ, ಅವರ ನಾಯಿ ಆದೆಯಲ್ಲ ಬಾವ,” ಹಿವಾ ಉಗಿದ.

“ನಿಮ್ಮಕ್ಕನ್ನೂ ಮಕ್ಕಳನ್ನೂ ಚರ್ಚಲ್ಲಿ ಕೂಡಿಹಾಕಿ ಸೀಮೆಎಣ್ಣೆ ತಂದಿಟ್ಟಿದ್ದಾರೆ ಕಣೋ. ಮಧ್ಯಾಹ್ನದೊಳಗೆ ನಾವು ಬರದಿದ್ರೆ ಬೆಂಕಿ. ಈಗ ನಾನೊಬ್ಬನೇ ಹೋಗ್ತೀನಿ. ಆಚೆ ಕೊಲ್ಲೀಲಿ ಅಮೆರಿಕದೋರು ಇಳಿದು ಎಲ್ಲರನ್ನೂ ಕೊಂದ್ರು ಅಂತೀನಿ.”

“ನೀನು ಮಾತ್ರ ಹೆಂಗೆ ಉಳಿದೆ ಅಂದ್ರೆ?”

“ಅದಕ್ಕೇ ಹೇಳ್ತಿರೋದು. ಕಡಿ.”

ಬಾವನ ಮೈಮೇಲೆ ಕೈಮಾಡುವುದಿರಲಿ, ಅವನು ಕೂತಿದ್ದರೆ ತಲೆಯ ಮೇಲಿಂದ ಕೈ ಚಾಚಿ ಒಂದು ಸಾಮಾನು ತೆಗೆಯುವುದೂ ಅವರಲ್ಲಿ ನಿಷಿದ್ಧ. ಹಿವಾ ಮಚ್ಚಿನ ತುದಿಯಿಂದ ಅವನ ಹೆಗಲಿಗೆ ಮೆಲ್ಲಗೆ ಗೀರಿದ.

“ಗೆಣಸಿನ ಸಿಪ್ಪೆ ತೆಗೀತಿದ್ದೀಯೇನೋ ಬಾಮೈದ?” ಲಿಯಂಗಾ ನಗಲು ನೋಡಿದ. ಬಲಗೈಯನ್ನು ಮರದ ದಿಮ್ಮಿಯ ಮೇಲಿಟ್ಟ. “ಇದು. ಬೇಗ, ಹೊತ್ತಾಯ್ತು.”

ಹಾಳಾದ ಯುದ್ಧ ಯಾರಿಂದ ಏನೇನು ಮಾಡಿಸುತ್ತದೋ! ಹಿವಾ ಗಳಗಳ ಅತ್ತ, ಅಳುತ್ತಲೇ ಕೊಡಲಿ ಬೀಸಿದ. ಒಂದೇಟಿಗೆ ಹೋಗಲಿಲ್ಲ, ಎರಡು ಬೇಕಾಯಿತು. ಬಳ್ಳಿಯಿಂದ ಬಿಗಿದು ಕಟ್ಟಿ ಕಳಿಸಿದರು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹಿವಾ ದೊರೆಯ ದುರ್ಬೀನಿಗೆ ಕಣ್ಣಿಟ್ಟಿದ್ದ. ಲಿಯಂಗಾ ತೂರಾಡುತ್ತ ಬಂದು ಚರ್ಚಿನ ಮುಂದೆ ಬಿದ್ದ. ಜಪಾನಿ ಅಧಿಕಾರಿ ಆ ಮೊಂಡುಗೈಯನ್ನು ಎತ್ತಿ ನೋಡಿದ. ಆಚೆ ಕೊಲ್ಲಿಯ ಕಡೆ ಸಿಪಾಯಿಗಳನ್ನು ಓಡಿಸಿದ. ಆಮೇಲೆ, ಎಷ್ಟೋ ಹೊತ್ತಾದ ಮೇಲೆ, ಬಾಗಿಲು ತೆಗೆಸಿದ.

ಮಕ್ಕಳ ಹಿಂದೆಯೇ ಅಕ್ಕ ಓಡಿಬಂದಳು. ಗಂಡನನ್ನು ತಬ್ಬಿದಳು, ಕೈ ಕಂಡಳು. ಎದ್ದು ನಿಂತು ಎದೆ ಬಡಿದುಕೊಂಡು, ಹಿಡಿ ಹಿಡಿ ಮಣ್ಣು ತೂರುತ್ತ, ಕಡಿದವನ ವಂಶಕ್ಕೇ ಶಾಪ ಹಾಕತೊಡಗಿದಳು. ಅಷ್ಟು ದೂರಕ್ಕೆ ಮಾತು ಕೇಳಿಸುತ್ತಿರಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

“ಬೈಯಕ್ಕ,” ಅಂದ ಹಿವಾ, ದುರ್ಬೀನು ಇಳಿಸದೆ. “ಬಾಯ್ತುಂಬ ಬೈ.”