ಫಾರಂನ ಏಳನೇ ಪ್ರಶ್ನೆ

ಯಾನ್ನಿನಾ ಊರಿನ ಪೊಲಿಕ್ಸೇನಿಗೆ ಮೂರು ದಿನದಿಂದ ಸಮಾಧಾನವಿಲ್ಲ. ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತರ ಮೆದುಳಿನ ಪರೀಕ್ಷೆ ನಡೆಯುತ್ತಿದೆಯಂತೆ. ಅದಕ್ಕೆ ಮಗಳು ಮಿರ್ಸಿನಿ ಹೆಸರು ಕೊಟ್ಟು ಬಂದಿದ್ದಾಳೆ.

"ತಲೆಗೆ ಕರೆಂಟು ಕೊಡಿಸ್ಕೊಳ್ಳೋಕೆ ನನ್ನ ಮಗಳೇನು ಬಲ್ಬಾ?" ಎಂದು ಆಕೆ ಕಾಫಿ ಬಟ್ಟಲು ಕುಕ್ಕಿದಳು. ಎದುರಿಗೆ ಕುಳಿತಿದ್ದ ಪಕ್ಕದ ಮನೆಯ ಸ್ತಮಾತಿಯಾ ಅದೇ ಪ್ರಯೋಗಾಲಯದ ನರ್ಸು.

"ಕೊಯ್ಯೋದಿಲ್ಲ, ಚುಚ್ಚೋದಿಲ್ಲ ಅಕ್ಕಾ. ತಂತಿ ಸುರುಳಿಯನ್ನ ತಲೆ ಹತ್ರ ಹಿಡೀತೀವಿ. ಟಕ್ ಅನ್ನುತ್ತೆ. ಆಯಸ್ಕಾಂತದ ಬಲ ಬುರುಡೆ ದಾಟಿ ಮೆದುಳಿನ ಒಂದು ಸಣ್ಣ ಜಾಗನ ಎಬ್ಬಿಸುತ್ತೆ. ಕೈ ಆಡಿಸೋ ಜಾಗ ಆದ್ರೆ ಹೆಬ್ಬೆರಳು ತಾನಾಗೇ ಕುಣಿಯುತ್ತೆ."

"ಆಮೇಲೆ ಇವಳು ಮಹಾ ಬುದ್ಧಿವಂತೆ ಆಗಿಬಿಡ್ತಾಳಾ?"

"ಎಲ್ಲಿ ಬಂತು! ಮತ್ತೆ ಮತ್ತೆ ಕೊಟ್ರೆ ಆ ಜಾಗದ ಚುರುಕು ಸ್ವಲ್ಪ ಹೊತ್ತು ಏರಬಹುದು, ಇಳೀಬಹುದು. ಒಬ್ಬೊಬ್ಬರಿಗೆ ಒಂದೊಂದು ಥರ. ಯಾಕೆ ಅಂತ ತಿಳ್ಕೊಳ್ಳೋಕೇ ಈ ಪರೀಕ್ಷೆ."

ಮಿರ್ಸಿನಿ ಅಲ್ಲೇ ಫಾರಂ ತುಂಬುತ್ತಿದ್ದಳು. ಪೇಸ್‌ಮೇಕರ್ ಇದೆಯೇ? ಇಲ್ಲ. ತಲೆಯೊಳಗೆ ಲೋಹ? ಇಲ್ಲ. "ಎಂದಾದರೂ ಫಿಟ್ಸ್ ಬಂದಿತ್ತೇ?" ಏಳನೇ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ನಗುತ್ತಲೇ ‘ಇಲ್ಲ’ ಎಂದು ಬರೆಯಲು ಪೆನ್ನು ಊರಿದಳು.

ಪೊಲಿಕ್ಸೇನಿ ಕಾಫಿ ಬಟ್ಟಲನ್ನು ದೂರ ಸರಿಸಿದಳು. ಮಗಳಿಗೆ ನಾಲ್ಕು ವರ್ಷವಿದ್ದಾಗ ಎರಡು ಸಲ ಬಂದಿತ್ತು. ಮುಂದೆ ಮದುವೆಗೆ ತೊಡಕಾದೀತೆಂದು ಅತ್ತೆ ಎಲ್ಲರ ಬಾಯಿ ಮುಚ್ಚಿಸಿದ್ದರು. ದೃಷ್ಟಿಯಾಗಿದೆ ಎಂದು ಅಂಗಿಗೆ ನೀಲಿ ಮಣಿ ಚುಚ್ಚಿ ಸುಮ್ಮನಾಗಿದ್ದರು. ಹದಿನೆಂಟು ವರ್ಷ ಆ ಮಾತು ಹೊಸ್ತಿಲು ದಾಟಿರಲಿಲ್ಲ.

"ಅದನ್ನ ಯಾರಾದ್ರೂ ಮುಚ್ಚಿಟ್ರೆ ಏನಾಗುತ್ತೆ ಮಾರಾಯ್ತಿ?"

ಸ್ತಮಾತಿಯಾ ಆಕೆಯ ಮುಖವನ್ನೇ ನೋಡಿದಳು. "ಪರೀಕ್ಷೆ ನಡೀವಾಗ ಫಿಟ್ಸ್ ಬರೋದು ತುಂಬಾ ಅಪರೂಪ ಅಕ್ಕಾ. ಮುಂಚೆ ಬಂದಿದ್ದವರಿಗೆ ಅಪಾಯ ಜಾಸ್ತಿ. ಮಷೀನಿಗೆ ಇದೆಲ್ಲ ಗೊತ್ತಾಗಲ್ಲ. ಮನೆಯವರೇ ಹೇಳ್ಬೇಕು."

"ಪೆನ್ನು ಕೆಳಗಿಡು ಮಗಳೇ," ಎಂದಳು ಪೊಲಿಕ್ಸೇನಿ. ಎಲ್ಲವನ್ನೂ ಹೇಳಿದಳು. ಹೇಳುತ್ತಾ ಅತ್ತಳು.

"ನನ್ನ ತಲೆ ವಿಷಯ ನನಗೇ ಹೇಳಲಿಲ್ವಲ್ಲಮ್ಮಾ!" ಮಿರ್ಸಿನಿ ಸಿಡಿದೆದ್ದು ಕಿಟಕಿಯ ಬಳಿ ಹೋಗಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಂದು ತಾಯಿಯ ಪಕ್ಕ ಕೂತಳು. "ಇಷ್ಟು ವರ್ಷ ಇದನ್ನ ಒಬ್ಬಳೇ ಹೊತ್ಕೊಂಡಿದ್ಯಾ?"

ಏಳನೇ ಪ್ರಶ್ನೆಗೆ ‘ಹೌದು’ ಎಂದು ಬರೆದ ಮಿರ್ಸಿನಿಯನ್ನು ಪರೀಕ್ಷೆಗೆ ತೆಗೆದುಕೊಳ್ಳಲಿಲ್ಲ. ಮರುವಾರ ಪ್ರಯೋಗಾಲಯದ ಕುರ್ಚಿಯಲ್ಲಿ, ಮಗಳ ಬದಲು ತಾನೇ ಹೆಸರು ಕೊಟ್ಟು, ಲೋಹವಿರಬಾರದೆಂದು ಮದುವೆಯ ಕಿವಿಯೋಲೆ ಬಿಚ್ಚಿಟ್ಟು, ಪ್ರತಿ ಪ್ರಶ್ನೆಗೂ ಇದ್ದದ್ದನ್ನು ಇದ್ದಹಾಗೆ ಬರೆದುಕೊಟ್ಟು ಕುಳಿತವಳು ಐವತ್ತೊಂದರ ಪೊಲಿಕ್ಸೇನಿ! ಟಕ್ ಎಂದಿತು. ಹೆಬ್ಬೆರಳು ಜಿಗಿಯಿತು.

"ಫ್ತೂ ಫ್ತೂ! ನಾನಲ್ಲ ಕಣೇ ಅಲ್ಲಾಡಿಸಿದ್ದು!" ಎಂದು ಆಕೆ ದೃಷ್ಟಿ ತೆಗೆದುಕೊಂಡಳು. ಬಾಗಿಲ ಬಳಿ ನಿಂತಿದ್ದ ಮಗಳು ಬಿದ್ದು ಬಿದ್ದು ನಕ್ಕಳು.

ಓದುತ್ತಿರುವ ತಾಯಂದಿರೇ, ಮಕ್ಕಳೇ, ಬುದ್ಧಿ ಚುರುಕಾಗುತ್ತದೆಂಬ ಯಾರದೋ ಮಾತು ಕೇಳಿ ಮನೆಯಲ್ಲಿ ತಲೆಗೆ ಬ್ಯಾಟರಿ ಕಟ್ಟಿಕೊಳ್ಳಬೇಡಿ. ತಿಳಿದವರ ಬಳಿ ಹೋಗಿ, ಅನುಮಾನವಿದ್ದರೆ ಕೇಳಿ, ಬೇಡವೆನಿಸಿದರೆ ನಡುವೆಯೇ ಎದ್ದು ಬನ್ನಿ. ಆದರೆ ಫಾರಂ ತುಂಬುವ ಮೊದಲು ಹಿರಿಯರನ್ನು ಕೇಳಿ, ಚಿಕ್ಕಂದಿನಲ್ಲಿ ನನಗೆ ಏನಾಗಿತ್ತು ಎಂದು. ಹಿರಿಯರೇ, ಮಕ್ಕಳು ಕೇಳಲಿ ಎಂದು ಕಾಯಬೇಡಿ. ಇವತ್ತೇ ಹೇಳಿ.